ಒಲಿಂಪಿಕ್ ವೀರ ಖಾಶಾಬಾ ಜಾಧವ

(ಹಳ್ಳಿಯ ತಾಲೀಮಿನಲ್ಲಿ ಕುಸ್ತಿ ಕಲಿತ ರೈತನ ಮಗನೊಬ್ಬ ಒಲಿಂಪಿಕ್ ಪದಕ ಗೆದ್ದ ಕಥೆ ಇದು. ಅವನ ಬೆನ್ನಿಗೆ ನಿಂತ ಗುರುಗಳ ಮತ್ತು ಊರಿನವರ ಕಥೆಯೂ ಹೌದು.)

ಸಾಂಗಲಿ, ಮಿರಜ, ಕೊಲ್ಹಾಪುರ, ಸಾತಾರ ಈ ಭಾಗದ ಜನರಿಗೆ ಕುಸ್ತಿ ಎಂದರೆ ಪಂಚಪ್ರಾಣ. ಇಲ್ಲಿಯ ಹಳ್ಳಿಗಳಲ್ಲಿ ಕುಸ್ತಿಯಿಲ್ಲದೆ ಜಾತ್ರೆಗೆ ಕಳೆಯೇ ಇಲ್ಲ. ಹಲಗೆಯ ಸದ್ದು ಕೇಳಿದೊಡನೆ ಜನರು ಮೈದಾನದ ಕಡೆಗೆ ಧಾವಿಸುತ್ತಾರೆ. ನಡುವೆ ಹದ ಮಾಡಿದ ಕೆಂಪು ಮಣ್ಣಿನ ಕಣ. ಸುತ್ತಲೂ ಕಿಕ್ಕಿರಿದ ಜನ. ಮೊದಲು ಚಿಕ್ಕ ಹುಡುಗರ ಜೋಡಿಗಳು ಕಣಕ್ಕೆ ಇಳಿಯುತ್ತವೆ. ಅವರಿಗೆ ಸಣ್ಣಪುಟ್ಟ ಬಹುಮಾನ ಸಿಗುತ್ತದೆ. ಹೊತ್ತು ಇಳಿಯುವಾಗ ಹೆಸರಾಂತ ಪೈಲವಾನರ ಕುಸ್ತಿ ನಡೆಯುತ್ತದೆ. ಗೆದ್ದವನ ತಲೆಗೆ ಪಟಕಾ ಸುತ್ತುತ್ತಾರೆ, ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ದೊಡ್ಡ ಕುಸ್ತಿಯಾದರೆ ಬೆಳ್ಳಿಯ ಗದೆಯೂ ಸಿಗುತ್ತದೆ. ಸೋತವನು ಮೈಗೆ ಅಂಟಿದ ಮಣ್ಣನ್ನು ಒರೆಸಿಕೊಳ್ಳುತ್ತ ಸುಮ್ಮನೆ ಹೊರಗೆ ಬರುತ್ತಾನೆ. ಅವನ ಜೊತೆಗೆ ಅವನ ಊರಿನವರೂ ತಲೆ ತಗ್ಗಿಸುತ್ತಾರೆ. ಕಣದಲ್ಲಿ ಇಳಿಯುವವನು ಒಬ್ಬನೇ ಆದರೂ ಪಣಕ್ಕೆ ಬೀಳುವುದು ಇಡೀ ಊರಿನ ಮಾನ.

ಕುಸ್ತಿಯ ಹುಚ್ಚು ನಮ್ಮಲ್ಲಿ ಮಾತ್ರ ಇಲ್ಲ. ಜಗತ್ತಿನ ಅನೇಕ ದೇಶಗಳಲ್ಲಿ ಬಗೆಬಗೆಯ ಕುಸ್ತಿಗಳಿವೆ. ದೂರದ ಮೆಕ್ಸಿಕೊ ದೇಶದಲ್ಲಿ ಪೈಲವಾನರು ಬಣ್ಣಬಣ್ಣದ ಮುಖವಾಡ ಹಾಕಿಕೊಂಡು ಕಣಕ್ಕೆ ಬರುತ್ತಾರೆ. ಅದು ಅರ್ಧ ಆಟ, ಅರ್ಧ ನಾಟಕ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಕುಸ್ತಿ ಎಂದರೆ ಮುಖವಾಡವನ್ನೇ ಪಣಕ್ಕೆ ಇಡುವ ಕುಸ್ತಿ. ಸೋತವನು ಸಾವಿರಾರು ಜನರ ಎದುರಿಗೆ ತನ್ನ ಮುಖವಾಡ ತೆಗೆದು ಮುಖ ತೋರಿಸಬೇಕು. ಒಮ್ಮೆ ಕಳೆದುಕೊಂಡ ಮುಖವಾಡವನ್ನು ಮತ್ತೆ ಹಾಕಿಕೊಳ್ಳುವಂತಿಲ್ಲ. ಎಲ್ ಸಾಂಟೊ ಎಂಬ ಪೈಲವಾನ ಬೆಳ್ಳಿ ಬಣ್ಣದ ಮುಖವಾಡ ಹಾಕುತ್ತಿದ್ದ. 1952ರ ನವೆಂಬರ್ 7ರಂದು ಮೆಕ್ಸಿಕೊ ನಗರದಲ್ಲಿ ಅವನು ಬ್ಲ್ಯಾಕ್ ಶ್ಯಾಡೊ ಎಂಬ ಪೈಲವಾನನನ್ನು ಸೋಲಿಸಿ ಮುಖವಾಡ ತೆಗೆಸಿದ. ಆ ಕುಸ್ತಿಯನ್ನು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ.

ಅದೇ 1952ರಲ್ಲಿ, ಆ ಕುಸ್ತಿಗಿಂತ ಮೂರು ತಿಂಗಳು ಮೊದಲು, ಯುರೋಪಿನ ಒಂದು ನಗರದಲ್ಲಿ ನಮ್ಮ ಕೃಷ್ಣಾ ತೀರದ ಒಬ್ಬ ಪೈಲವಾನ ಮೆಕ್ಸಿಕೊದ ಪೈಲವಾನನ ಜೊತೆ ಕುಸ್ತಿ ಆಡಿದ. ಅಲ್ಲಿ ಮುಖವಾಡ ಇರಲಿಲ್ಲ. ಪಟಕಾ, ಗದೆಗಳೂ ಇರಲಿಲ್ಲ. ಆದರೆ ಆ ಪೈಲವಾನನ ಸೋಲು ಗೆಲುವಿನ ಮೇಲೆ ಅವನ ಗುರುಗಳ ಮನೆಯೇ ಪಣಕ್ಕೆ ಬಿದ್ದಿತ್ತು. ಅವನೇ ಖಾಶಾಬಾ ದಾದಾಸಾಹೇಬ ಜಾಧವ. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಆಟದಲ್ಲಿ ಮೊದಲ ಒಲಿಂಪಿಕ್ ಪದಕ ತಂದುಕೊಟ್ಟ ವೀರ.

ಸಾತಾರ ಜಿಲ್ಲೆಯಲ್ಲಿ ಕರಾಡ ಎಂಬ ಪಟ್ಟಣವಿದೆ. ಅಲ್ಲಿ ಕೃಷ್ಣಾ ಮತ್ತು ಕೊಯ್ನಾ ನದಿಗಳು ಎದುರುಬದುರಾಗಿ ಹರಿದು ಬಂದು ಒಂದಾಗುತ್ತವೆ. ಈ ಸಂಗಮಕ್ಕೆ ಪ್ರೀತಿಸಂಗಮ ಎಂದು ಹೆಸರು. ಮುಂದೆ ಅದೇ ಕೃಷ್ಣೆ ಸಾಂಗಲಿಗೆ ಬರುತ್ತದೆ. ಸಾಂಗಲಿಯ ಹತ್ತಿರ ಹರಿಪುರದಲ್ಲಿ ವಾರಣಾ ನದಿ ಅದನ್ನು ಕೂಡಿಕೊಳ್ಳುತ್ತದೆ. ಕರಾಡದ ಸಮೀಪದಲ್ಲಿಯೇ ಗೋಳೇಶ್ವರ ಎಂಬ ಚಿಕ್ಕ ಹಳ್ಳಿ ಇದೆ. ಈ ಹಳ್ಳಿಯಲ್ಲಿ 1926ರ ಜನವರಿ 15ರಂದು ಖಾಶಾಬಾ ಹುಟ್ಟಿದನು.

ತಂದೆ ದಾದಾಸಾಹೇಬರು ಸ್ವತಃ ಪೈಲವಾನರು. ಅವರಿಗೆ ಐವರು ಗಂಡುಮಕ್ಕಳು. ಅವರಲ್ಲಿ ಖಾಶಾಬಾ ಎಲ್ಲರಿಗಿಂತ ಚಿಕ್ಕವನು. ಮನೆಯಲ್ಲಿ ಕುಸ್ತಿಯ ಮಾತು ಇಲ್ಲದ ದಿನವೇ ಇರಲಿಲ್ಲ. ಮಗನಿಗೆ ಐದು ವರ್ಷ ತುಂಬುವಷ್ಟರಲ್ಲಿ ತಂದೆ ಅವನಿಗೆ ಕುಸ್ತಿಯ ಮೊದಲ ಪಾಠ ಹೇಳಿಕೊಟ್ಟರು. ಬೇರೆ ಮಕ್ಕಳು ಮಣ್ಣಿನಲ್ಲಿ ಆಡುವ ವಯಸ್ಸಿನಲ್ಲಿ ಖಾಶಾಬಾ ತಾಲೀಮಿನ ಮಣ್ಣಿನಲ್ಲಿ ಹೊರಳಾಡಿದ. ದಂಡ, ಬಸಕಿ, ಓಟ, ಈಜು ಇವೆಲ್ಲ ಅವನ ದಿನಚರಿಯಾದವು. ಎಂಟು ವರ್ಷದವನಿದ್ದಾಗಲೇ ಅವನು ಆ ಭಾಗದ ಹೆಸರಾದ ಪೈಲವಾನನೊಬ್ಬನನ್ನು ಎರಡೇ ನಿಮಿಷಗಳಲ್ಲಿ ಚಿತ್ ಮಾಡಿದ ಎಂದು ಜನ ಹೇಳುತ್ತಾರೆ.

ಖಾಶಾಬಾನ ಮೈಕಟ್ಟು ಸಣ್ಣದು. ಎತ್ತರವೂ ಹೆಚ್ಚಿರಲಿಲ್ಲ. ಅವನನ್ನು ನೋಡಿದವರಿಗೆ ಇವನು ಪೈಲವಾನ ಎಂದು ಅನಿಸುತ್ತಲೇ ಇರಲಿಲ್ಲ. ಆದರೆ ಅವನ ಕೈಕಾಲುಗಳಲ್ಲಿ ಮಿಂಚಿನ ವೇಗವಿತ್ತು. ಎದುರಾಳಿ ಹೆಜ್ಜೆ ಇಡುವುದರೊಳಗೆ ಅವನು ಏನು ಮಾಡುತ್ತಾನೆ ಎಂಬುದನ್ನು ಖಾಶಾಬಾ ಅರಿತುಕೊಳ್ಳುತ್ತಿದ್ದ. ಢಾಕ ಎಂಬುದು ಅವನಿಗೆ ಪ್ರಿಯವಾದ ಡಾವು. ಎದುರಾಳಿಯ ತಲೆಯನ್ನು ತೋಳಿನಲ್ಲಿ ಗಟ್ಟಿಯಾಗಿ ಸಿಕ್ಕಿಸಿಕೊಂಡು, ಮೈ ತಿರುಗಿಸಿ ಅವನನ್ನು ನೆಲಕ್ಕೆ ಕೆಡವುವ ಡಾವು ಅದು. ಬಲಕ್ಕಿಂತ ಚುರುಕುತನವೇ ಅದಕ್ಕೆ ಮುಖ್ಯ. ಈ ಡಾವಿನಿಂದ ಖಾಶಾಬಾ ತನಗಿಂತ ದಪ್ಪವಾದ ಪೈಲವಾನರನ್ನೂ ಮಣ್ಣು ಮುಕ್ಕಿಸಿದ.

ಖಾಶಾಬಾನ ಶಿಕ್ಷಣ ಕರಾಡದ ಟಿಳಕ ಹೈಸ್ಕೂಲಿನಲ್ಲಿ ನಡೆಯಿತು. ಅವನು ಕುಸ್ತಿಗಾಗಿ ಓದನ್ನು ಬಿಡಲಿಲ್ಲ, ಓದಿಗಾಗಿ ಕುಸ್ತಿಯನ್ನೂ ಬಿಡಲಿಲ್ಲ. 1942ರಲ್ಲಿ ಮಹಾತ್ಮಾ ಗಾಂಧೀಜಿಯವರು ಬ್ರಿಟಿಷರಿಗೆ ಭಾರತ ಬಿಟ್ಟು ಹೋಗಿರಿ ಎಂಬ ಕರೆ ಕೊಟ್ಟರು. ಸಾತಾರ ಜಿಲ್ಲೆಯಲ್ಲಿ ಚಳುವಳಿ ಬಹಳ ಜೋರಾಗಿತ್ತು. ಆಗ ಖಾಶಾಬಾ ಹದಿನಾರು ವರ್ಷದ ಹುಡುಗ. ಪೊಲೀಸರ ಕಣ್ಣು ತಪ್ಪಿಸಿ ತಿರುಗುತ್ತಿದ್ದ ಕ್ರಾಂತಿಕಾರಿಗಳಿಗೆ ಆಶ್ರಯ ಕೊಡುವ, ಅವರ ಪತ್ರಗಳನ್ನು ಹಂಚುವ ಕೆಲಸವನ್ನು ಅವನು ಧೈರ್ಯದಿಂದ ಮಾಡಿದ. ಸಿಕ್ಕಿಬಿದ್ದರೆ ಸೆರೆಮನೆ ಖಂಡಿತ ಎಂಬುದು ಅವನಿಗೆ ಗೊತ್ತಿತ್ತು. ಕಣದಲ್ಲಿ ಇದ್ದ ಧೈರ್ಯ ಕಣದ ಹೊರಗೂ ಅವನಲ್ಲಿ ಇತ್ತು.

ಶಾಲೆಯ ಶಿಕ್ಷಣ ಮುಗಿದ ಮೇಲೆ ಖಾಶಾಬಾ ಕೊಲ್ಹಾಪುರಕ್ಕೆ ಬಂದರು. ಕೊಲ್ಹಾಪುರವೆಂದರೆ ಪೈಲವಾನರ ತವರುಮನೆ. ರಾಜರ್ಷಿ ಶಾಹು ಮಹಾರಾಜರಿಗೆ ಕುಸ್ತಿಯ ಮೇಲೆ ಅಪಾರ ಪ್ರೀತಿ. ಅವರು ಅಲ್ಲಿ ತಾಲೀಮುಗಳಿಗೆ ಸಹಾಯ ಮಾಡಿದರು. ಪೈಲವಾನರಿಗೆ ಆಶ್ರಯ ಕೊಟ್ಟರು. ಖಾಸಬಾಗ ಎಂಬ ದೊಡ್ಡ ಕುಸ್ತಿ ಮೈದಾನವನ್ನೂ ಕಟ್ಟಿಸಿದರು. ಸುತ್ತಲೂ ಕುಳಿತ ಸಾವಿರಾರು ಜನರಿಗೆ ನಡುವಿನ ಕುಸ್ತಿ ಸರಿಯಾಗಿ ಕಾಣುವಂತೆ ಆ ಮೈದಾನವನ್ನು ರಚಿಸಲಾಗಿದೆ.

ಖಾಶಾಬಾ ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಸೇರಿದರು. ಬಾಬುರಾವ ಬಲಾವಡೆ ಮತ್ತು ಬೇಲಾಪುರಿ ಗುರೂಜಿ ಅವರಿಂದ ಕುಸ್ತಿಯ ಶಿಕ್ಷಣ ಪಡೆದರು. ಕಾಲೇಜಿನಲ್ಲಿ ವಾರ್ಷಿಕ ಕ್ರೀಡಾಕೂಟ ಬಂದಿತು. ಕುಸ್ತಿಗೆ ಹೆಸರು ಕೊಡಲು ಖಾಶಾಬಾ ಹೋದರು. ಅವರ ಸಣ್ಣ ಮೈಯನ್ನು ನೋಡಿದ ಕ್ರೀಡಾ ಶಿಕ್ಷಕರು ಹೆಸರು ಬರೆದುಕೊಳ್ಳಲು ಒಪ್ಪಲಿಲ್ಲ. ಖಾಶಾಬಾ ಸಿಟ್ಟಾಗಲಿಲ್ಲ, ಜಗಳವಾಡಲಿಲ್ಲ. ನೇರವಾಗಿ ಪ್ರಾಚಾರ್ಯರ ಬಳಿಗೆ ಹೋಗಿ ತಮಗೆ ಒಂದು ಅವಕಾಶ ಕೊಡಬೇಕೆಂದು ವಿನಂತಿಸಿದರು. ಪ್ರಾಚಾರ್ಯರು ಅನುಮತಿ ಕೊಟ್ಟರು. ಖಾಶಾಬಾ ಕಣಕ್ಕೆ ಇಳಿದು ದೊಡ್ಡ ಮೈಕಟ್ಟಿನ ಪೈಲವಾನರನ್ನು ಒಬ್ಬರಾದ ಮೇಲೆ ಒಬ್ಬರಂತೆ ಸೋಲಿಸಿದರು. ನೋಡಿದವರೆಲ್ಲ ಬೆರಗಾದರು. ಅಂದಿನಿಂದ ಅವರ ಹೆಸರು ಕಾಲೇಜಿನ ತುಂಬ ಹರಡಿತು.

1948ರಲ್ಲಿ ಇಂಗ್ಲೆಂಡಿನ ಲಂಡನ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷವಾಗಿತ್ತು. ಸ್ವತಂತ್ರ ಭಾರತದ ಆಟಗಾರರು ಮೊದಲ ಸಲ ತ್ರಿವರ್ಣ ಧ್ವಜದ ಕೆಳಗೆ ಒಲಿಂಪಿಕ್ ಕ್ರೀಡಾಂಗಣಕ್ಕೆ ಕಾಲಿಡುವವರಿದ್ದರು. ಖಾಶಾಬಾ ಕೂಡ ಆಯ್ಕೆಯಾದರು. ಅವರ ಪ್ರಯಾಣದ ಖರ್ಚನ್ನು ಕೊಲ್ಹಾಪುರದ ಮಹಾರಾಜರು ವಹಿಸಿಕೊಂಡರು.

ಲಂಡನ್‌ಗೆ ಹೋದಾಗ ಖಾಶಾಬಾ ಅವರಿಗೆ ಎಲ್ಲವೂ ಹೊಸದಾಗಿ ಕಂಡಿತು. ಅವರು ಆಡಿ ಬೆಳೆದದ್ದು ಕೆಂಪು ಮಣ್ಣಿನ ಕಣದಲ್ಲಿ. ಮಣ್ಣು ಪಾದವನ್ನು ಹಿಡಿದು ನಿಲ್ಲಿಸುತ್ತದೆ. ಬಿದ್ದರೆ ಮೈಯನ್ನು ಕಾಯುತ್ತದೆ. ಒಲಿಂಪಿಕ್ ಕುಸ್ತಿ ನಡೆಯುವುದು ಮ್ಯಾಟ್ ಎಂಬ ಮೆತ್ತನೆಯ ಹಾಸಿನ ಮೇಲೆ. ಅಲ್ಲಿ ಕಾಲಿಗೆ ಬೂಟು ಬೇಕು. ಕಾಲು ಊರುವ ರೀತಿಯೇ ಬೇರೆ. ನಿಯಮಗಳೂ ಬೇರೆ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ಹತ್ತಿಸಿದರೆ ಗೆಲುವು. ಒಲಿಂಪಿಕ್ ಕುಸ್ತಿಯಲ್ಲಿ ಹೊತ್ತು ಗೊತ್ತುಪಡಿಸಿರುತ್ತಾರೆ. ಆ ಹೊತ್ತಿನಲ್ಲಿ ಯಾರೂ ಚಿತ್ ಆಗದಿದ್ದರೆ ತೀರ್ಪುಗಾರರು ಆಟವನ್ನು ನೋಡಿ ಗೆದ್ದವರನ್ನು ನಿರ್ಣಯಿಸುತ್ತಾರೆ. ಇದನ್ನೆಲ್ಲ ಖಾಶಾಬಾ ಅಲ್ಲಿಯೇ ಬೇಗ ಬೇಗ ಕಲಿಯಬೇಕಾಯಿತು. ಅಮೆರಿಕದ ರೀಸ್ ಗಾರ್ಡನರ್ ಎಂಬ ತರಬೇತುದಾರರು ಅವರಿಗೆ ಮಾರ್ಗದರ್ಶನ ಮಾಡಿದರು.

52 ಕಿಲೋ ತೂಕದ ಗುಂಪಿನಲ್ಲಿ ಖಾಶಾಬಾ ಕುಸ್ತಿ ಆಡಿದರು. ಆಸ್ಟ್ರೇಲಿಯದ ಪೈಲವಾನನನ್ನು ಕೆಲವೇ ನಿಮಿಷಗಳಲ್ಲಿ ಸೋಲಿಸಿದರು. ಅಮೆರಿಕದ ಪೈಲವಾನನನ್ನೂ ಗೆದ್ದರು. ಆದರೆ ಇರಾನಿನ ಪೈಲವಾನನ ಎದುರು ಸೋತರು. ಕೊನೆಗೆ ಅವರಿಗೆ ಆರನೆಯ ಸ್ಥಾನ ಸಿಕ್ಕಿತು. ಮ್ಯಾಟಿನ ಮೇಲೆ ಹೆಚ್ಚು ಅಭ್ಯಾಸವೇ ಇಲ್ಲದ ಒಬ್ಬ ಹಳ್ಳಿಯ ಹುಡುಗ ಜಗತ್ತಿನಲ್ಲಿ ಆರನೆಯವನಾಗುವುದು ಸಣ್ಣ ಮಾತಲ್ಲ. ಎಲ್ಲರೂ ಹೊಗಳಿದರು. ಖಾಶಾಬಾ ಅವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಮುಂದಿನ ಒಲಿಂಪಿಕ್‌ನಲ್ಲಿ ಪದಕ ಗೆಲ್ಲಲೇಬೇಕು ಎಂದು ಅವರು ಮನಸ್ಸಿನಲ್ಲಿ ನಿಶ್ಚಯಿಸಿದರು.

ಊರಿಗೆ ಬಂದ ಮೇಲೆ ಅವರು ಮೊದಲಿಗಿಂತ ಹೆಚ್ಚು ದುಡಿಯತೊಡಗಿದರು. ಮೈತೂಕ ಹೆಚ್ಚಿಸಿಕೊಂಡು 57 ಕಿಲೋ ಗುಂಪಿಗೆ ಸಿದ್ಧರಾದರು. ನೂರಾರು ದಂಡ, ನೂರಾರು ಬಸಕಿ, ಗಂಟೆಗಟ್ಟಲೆ ಜೋಡಿದಾರರ ಜೊತೆ ಕುಸ್ತಿ. ಹೀಗೆ ನಾಲ್ಕು ವರ್ಷ ಕಳೆದವು.

1952ರ ಒಲಿಂಪಿಕ್ ಕ್ರೀಡೆಗಳು ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ ನಡೆಯುವುದೆಂದು ಗೊತ್ತಾಗಿತ್ತು. ತಂಡದ ಆಯ್ಕೆಗಾಗಿ ಮದರಾಸಿನಲ್ಲಿ ಕುಸ್ತಿಗಳು ನಡೆದವು. ಅಲ್ಲಿ ಖಾಶಾಬಾ ಅವರಿಗೆ ಒಂದೇ ಒಂದು ಅಂಕ ಕಡಿಮೆ ಬಿದ್ದಿತು. ಅವರ ಹೆಸರು ತಂಡದಲ್ಲಿ ಬರಲಿಲ್ಲ. ಅಂಕ ಕೊಡುವುದರಲ್ಲಿ ತಮಗೆ ಅನ್ಯಾಯವಾಗಿದೆ ಎಂದು ಖಾಶಾಬಾ ಅವರಿಗೆ ಅನಿಸಿತು. ಬೇರೆ ಯಾರಾದರೂ ಆಗಿದ್ದರೆ ನಿರಾಶರಾಗಿ ಸುಮ್ಮನೆ ಕೂಡುತ್ತಿದ್ದರು. ಖಾಶಾಬಾ ಹಾಗೆ ಮಾಡಲಿಲ್ಲ. ಪಟಿಯಾಲಾದ ಮಹಾರಾಜರು ಆಟಗಳಲ್ಲಿ ಬಹಳ ಆಸಕ್ತಿ ಉಳ್ಳವರಾಗಿದ್ದರು. ಖಾಶಾಬಾ ಅವರ ಬಳಿ ತಮ್ಮ ಅಹವಾಲು ಹೇಳಿಕೊಂಡರು. ಮಹಾರಾಜರು ಮತ್ತೊಮ್ಮೆ ಕುಸ್ತಿ ಏರ್ಪಡಿಸಿದರು. ಈ ಸಲ ಖಾಶಾಬಾ ಎದುರಾಳಿಯನ್ನು ಚಿತ್ ಮಾಡಿಯೇಬಿಟ್ಟರು. ಅಂಕಗಳನ್ನು ಎಣಿಸುವ ಪ್ರಶ್ನೆಯೇ ಉಳಿಯಲಿಲ್ಲ. ಅವರ ಹೆಸರು ತಂಡದಲ್ಲಿ ಸೇರಿತು.

ಒಂದು ಚಿಂತೆ ಮುಗಿಯಿತು. ಅದಕ್ಕಿಂತ ದೊಡ್ಡ ಚಿಂತೆ ಎದುರಾಯಿತು. ಹೆಲ್ಸಿಂಕಿಗೆ ಹೋಗಿ ಬರಲು ಬಹಳ ಹಣ ಬೇಕಾಗಿತ್ತು. ಈಗ ಆಟಗಾರರ ಖರ್ಚನ್ನು ಸರಕಾರ ನೋಡಿಕೊಳ್ಳುತ್ತದೆ. ಆಗ ಹಾಗಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದೇ ವರ್ಷಗಳಾಗಿದ್ದವು. ಆಟಗಾರರು ತಮ್ಮ ಹಣವನ್ನು ತಾವೇ ಹೊಂದಿಸಿಕೊಳ್ಳಬೇಕಾಗಿತ್ತು. ಖಾಶಾಬಾ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ವಂತಿಗೆ ಕೇಳಿದರು. ಗೋಳೇಶ್ವರದ ರೈತರು ತಮ್ಮ ಕೈಲಾದಷ್ಟು ಕೊಟ್ಟರು. ಮುಂಬಯಿ ಸರಕಾರದಿಂದ 4,000 ರೂಪಾಯಿ ಮಂಜೂರಾಯಿತು. ಆದರೂ ಹಣ ಸಾಲಲಿಲ್ಲ. ದಿನಗಳು ಮಾತ್ರ ಕಳೆಯುತ್ತಲೇ ಇದ್ದವು.

ಆಗ ರಾಜಾರಾಮ ಕಾಲೇಜಿನ ಪ್ರಾಚಾರ್ಯರಾದ ಖರ್ಡೀಕರ ಅವರು ಮುಂದೆ ಬಂದರು. ಖಾಶಾಬಾ ಅವರು ಆ ಕಾಲೇಜಿನ ಹಳೆಯ ವಿದ್ಯಾರ್ಥಿ. ಶಿಷ್ಯನ ಶಕ್ತಿಯನ್ನು ಗುರುಗಳು ಬಲ್ಲವರಾಗಿದ್ದರು. ಆದರೆ ಅವರು ಶ್ರೀಮಂತರೇನೂ ಅಲ್ಲ. ಅವರ ಬಳಿ ಇದ್ದದ್ದು ಒಂದು ಮನೆ. ಆ ಮನೆಯನ್ನೇ ಅವರು ಅಡವಿಟ್ಟು 7,000 ರೂಪಾಯಿ ತಂದರು. ಆ ಹಣವನ್ನು ಶಿಷ್ಯನ ಕೈಗೆ ಕೊಟ್ಟು ಹರಸಿ ಕಳಿಸಿದರು. ಶಿಷ್ಯನಿಂದ ಹಣ ಮರಳಿ ಬಾರದಿದ್ದರೆ ಮನೆ ಕೈಬಿಟ್ಟು ಹೋಗುವ ಭಯವಿತ್ತು. ಆದರೂ ಅವರು ಹಿಂದೆ ಮುಂದೆ ನೋಡಲಿಲ್ಲ. ಜಾತ್ರೆಯ ಕುಸ್ತಿಯಲ್ಲಿ ಗದೆಯನ್ನು ಪಣಕ್ಕೆ ಇಡುವವರು ಬಹಳ. ಶಿಷ್ಯನಿಗಾಗಿ ತಲೆಯ ಮೇಲಿನ ಸೂರನ್ನೇ ಪಣಕ್ಕೆ ಇಡುವ ಗುರುಗಳು ವಿರಳ.

ಹೀಗೆ ಊರಿನವರ ವಂತಿಗೆಯನ್ನೂ ಗುರುಗಳ ಋಣವನ್ನೂ ಹೊತ್ತುಕೊಂಡು ಖಾಶಾಬಾ ಹೆಲ್ಸಿಂಕಿಗೆ ಹೊರಟರು. ಫಿನ್ಲೆಂಡ್ ಉತ್ತರ ಧ್ರುವದ ಕಡೆಗಿರುವ ದೇಶ. ಜುಲೈ ತಿಂಗಳಲ್ಲಿ ಅಲ್ಲಿ ಹಗಲು ಬಹಳ ದೊಡ್ಡದು, ರಾತ್ರಿ ಬಹಳ ಚಿಕ್ಕದು. ನೆಲ ಹೊಸದು, ಊಟ ಹೊಸದು, ಭಾಷೆ ಹೊಸದು. ಆದರೆ ಮ್ಯಾಟು ಈಗ ಅವರಿಗೆ ಹೊಸದಾಗಿರಲಿಲ್ಲ.

ಮೊದಲ ಕುಸ್ತಿ ಕೆನಡಾದ ಏಡ್ರಿಯನ್ ಪೊಲಿಕ್ವಿನ್ ಅವರ ಜೊತೆ ನಡೆಯಿತು. ಖಾಶಾಬಾ ಗೆದ್ದರು. ಎರಡನೆಯ ಕುಸ್ತಿಯಲ್ಲಿ ಎದುರಿಗೆ ನಿಂತವರು ಮೆಕ್ಸಿಕೊದ ಲಿಯೊನಾರ್ಡೊ ಬಾಸುರ್ತೊ. ಮುಖವಾಡದ ಕುಸ್ತಿಗೆ ಹೆಸರಾದ ನಾಡಿನಿಂದ ಬಂದವರಾದರೂ ಒಲಿಂಪಿಕ್ ಕಣದಲ್ಲಿ ಎಲ್ಲರೂ ತೆರೆದ ಮುಖದಿಂದಲೇ ಆಡಬೇಕು. ಅಲ್ಲಿ ನಾಟಕಕ್ಕೆ ಎಡೆಯಿಲ್ಲ. ಖಾಶಾಬಾ ಅವರನ್ನೂ ಚಿತ್ ಮಾಡಿದರು. ಮುಂದೆ ಜರ್ಮನಿಯ ಫರ್ಡಿನಾಂಡ್ ಶ್ಮಿಟ್ಸ್ ಅವರೊಡನೆ ಬಿಗಿಯಾದ ಕುಸ್ತಿ ನಡೆಯಿತು. ತೀರ್ಪುಗಾರರು ಖಾಶಾಬಾ ಅವರೇ ಗೆದ್ದರೆಂದು ಸಾರಿದರು.

ಜಪಾನಿನ ಶೊಹಾಚಿ ಇಶಿಯಿ ಅವರ ಜೊತೆಗಿನ ಕುಸ್ತಿ ಎಲ್ಲಕ್ಕಿಂತ ಕಠಿಣವಾಗಿತ್ತು. ಸುಮಾರು ಹದಿನೈದು ನಿಮಿಷಗಳವರೆಗೆ ಇಬ್ಬರೂ ಬಿಟ್ಟುಕೊಡದೆ ಹೋರಾಡಿದರು. ಕೊನೆಗೆ ಇಶಿಯಿ ಗೆದ್ದರು. ಖಾಶಾಬಾ ಬೆವರಿನಲ್ಲಿ ತೊಯ್ದು ಹೋಗಿದ್ದರು. ಏದುಸಿರು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಸೋವಿಯತ್ ದೇಶದ ರಶೀದ್ ಮಮದ್‌ಬೆಯೊವ್ ಅವರ ಜೊತೆ ಕುಸ್ತಿಗೆ ಬರಬೇಕೆಂದು ಕರೆ ಬಂದಿತು. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಎಂಬುದು ನಿಯಮ. ಆ ನಿಯಮವನ್ನು ತೋರಿಸಿ ವಾದಿಸಲು ಭಾರತದ ಅಧಿಕಾರಿ ಯಾರೂ ಆ ಹೊತ್ತಿಗೆ ಹತ್ತಿರದಲ್ಲಿ ಇರಲಿಲ್ಲ. ಖಾಶಾಬಾ ದಣಿದ ಮೈಯಲ್ಲಿಯೇ ಮತ್ತೆ ಮ್ಯಾಟಿನ ಮೇಲೆ ಬಂದು ನಿಂತರು. ಆ ಕುಸ್ತಿಯನ್ನೂ ಅವರು ಸೋತರು.

ಇಶಿಯಿ ಅವರಿಗೆ ಚಿನ್ನ, ಮಮದ್‌ಬೆಯೊವ್ ಅವರಿಗೆ ಬೆಳ್ಳಿ ಸಿಕ್ಕಿತು. ಮೂರನೆಯ ಸ್ಥಾನ ಖಾಶಾಬಾ ಅವರದು. 1952ರ ಜುಲೈ 23ರಂದು ಗೋಳೇಶ್ವರದ ರೈತನ ಮಗನಿಗೆ ಒಲಿಂಪಿಕ್ ಕಂಚಿನ ಪದಕ ದೊರೆಯಿತು. ಸ್ವತಂತ್ರ ಭಾರತದ ಆಟಗಾರನೊಬ್ಬ ವೈಯಕ್ತಿಕ ಆಟದಲ್ಲಿ ಪದಕ ಗೆದ್ದದ್ದು ಅದೇ ಮೊದಲು. ಅದೇ ಒಲಿಂಪಿಕ್‌ನಲ್ಲಿ ಭಾರತದ ಹಾಕಿ ತಂಡ ಚಿನ್ನ ಗೆದ್ದಿತು. ಕೊಲ್ಹಾಪುರದ ಇನ್ನೊಬ್ಬ ಪೈಲವಾನ ಕೇಶವ ಮಾಣಗಾವೆ ಅವರು ಬೇರೆ ತೂಕದ ಗುಂಪಿನಲ್ಲಿ ನಾಲ್ಕನೆಯವರಾದರು. ಅವರಿಗೆ ಪದಕ ಸ್ವಲ್ಪದರಲ್ಲಿ ತಪ್ಪಿತು.

ಖಾಶಾಬಾ ಊರಿಗೆ ಮರಳಿದ ದಿನ ಕರಾಡದ ರೈಲು ನಿಲ್ದಾಣದಲ್ಲಿ ಜನಜಾತ್ರೆಯೇ ಸೇರಿತ್ತು. 151 ಎತ್ತಿನ ಬಂಡಿಗಳು ಅವರಿಗಾಗಿ ಸಾಲಾಗಿ ನಿಂತಿದ್ದವು. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಲ್ಲಿ ಗೆಜ್ಜೆ. ಹಲಗೆ, ಢೋಲುಗಳ ಸದ್ದು ಮುಗಿಲು ಮುಟ್ಟಿತು. ನಿಲ್ದಾಣದಿಂದ ಊರಿಗೆ ಹೋಗಲು ಕಾಲು ಗಂಟೆ ಸಾಕು. ಅಂದು ಮೆರವಣಿಗೆ ಊರು ಸೇರಲು ಏಳು ಗಂಟೆ ಹಿಡಿಯಿತು. ವಂತಿಗೆ ಕೊಟ್ಟ ರೈತರು, ಅಂಗಡಿಯವರು ಎಲ್ಲರೂ ಪದಕವನ್ನು ಮುಟ್ಟಿ ಮುಟ್ಟಿ ನೋಡಿದರು. ಅದು ತಮ್ಮದೇ ಪದಕ ಎಂದು ಅವರಿಗೆ ಅನಿಸಿತು.

ಮೆರವಣಿಗೆ ಮುಗಿಯಿತು. ಹೂಮಾಲೆಗಳು ಬಾಡಿದವು. ಖಾಶಾಬಾ ಅವರ ಮನಸ್ಸಿನಲ್ಲಿ ಒಂದೇ ಯೋಚನೆ ಉಳಿದಿತ್ತು. ಗುರುಗಳ ಮನೆ ಇನ್ನೂ ಅಡವಿನಲ್ಲಿತ್ತು. ಅವರು ಕುಸ್ತಿ ಪಂದ್ಯಗಳನ್ನು ಏರ್ಪಡಿಸಿದರು. ತಾವೂ ಕಣಕ್ಕೆ ಇಳಿದು ಆಡಿದರು. ಹಾಗೆ ಬಂದ ಹಣವನ್ನು ತಮಗಾಗಿ ಇಟ್ಟುಕೊಳ್ಳಲಿಲ್ಲ. ಅದನ್ನು ಒಯ್ದು ಪ್ರಾಚಾರ್ಯ ಖರ್ಡೀಕರ ಅವರಿಗೆ ಕೊಟ್ಟರು. ಗುರುಗಳು ಪಣಕ್ಕೆ ಇಟ್ಟ ಮನೆಯನ್ನು ಶಿಷ್ಯನು ಹೀಗೆ ಬಿಡಿಸಿಕೊಟ್ಟನು. ಒಲಿಂಪಿಕ್‌ನಲ್ಲಿ ಗೆದ್ದ ಪದಕ ಎಷ್ಟು ದೊಡ್ಡದೋ ಈ ಕೆಲಸವೂ ಅಷ್ಟೇ ದೊಡ್ಡದು.

1955ರಲ್ಲಿ ಖಾಶಾಬಾ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ಸೇರಿದರು. ಅಲ್ಲಿಯೂ ಅನೇಕ ಕುಸ್ತಿಗಳನ್ನು ಗೆದ್ದರು. ಕಿರಿಯ ಪೈಲವಾನರಿಗೆ ಡಾವುಗಳನ್ನು ಹೇಳಿಕೊಟ್ಟರು. 1956ರ ಒಲಿಂಪಿಕ್‌ಗೆ ಹೋಗಬೇಕೆಂಬ ಆಸೆ ಅವರಿಗಿತ್ತು. ಆದರೆ ಮೊಣಕಾಲಿಗೆ ಪೆಟ್ಟಾದ ಕಾರಣ ಅದು ಕೈಗೂಡಲಿಲ್ಲ. ಸುಮಾರು 27 ವರ್ಷ ಅವರು ಪೊಲೀಸ್ ಇಲಾಖೆಯಲ್ಲಿ ಪ್ರಾಮಾಣಿಕವಾಗಿ ಸೇವೆ ಮಾಡಿದರು. ಸಹಾಯಕ ಪೊಲೀಸ್ ಆಯುಕ್ತರಾಗಿ ನಿವೃತ್ತರಾದರು. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದಾಗ ಜ್ಯೋತಿ ಹಿಡಿದು ಓಡಿದವರಲ್ಲಿ ಖಾಶಾಬಾ ಅವರೂ ಒಬ್ಬರು.

ಆದರೆ ದೇಶಕ್ಕೆ ಕೀರ್ತಿ ತಂದ ಈ ವೀರನನ್ನು ಜನರು ಮೆಲ್ಲ ಮೆಲ್ಲನೆ ಮರೆತಿದ್ದರು. ನಿವೃತ್ತಿಯ ನಂತರ ಪಿಂಚಣಿಗಾಗಿ ಅವರು ಓಡಾಡಬೇಕಾಯಿತು. ಹಣದ ಅಡಚಣೆಯೂ ಇತ್ತು. ಆದರೂ ಅವರು ಯಾರ ಮುಂದೆಯೂ ಕೈಚಾಚಲಿಲ್ಲ. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ಖಾಶಾಬಾ ಜಾಧವರು ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಅವರು ಹೋದ ಮೇಲೆ ದೇಶಕ್ಕೆ ಅವರ ಬೆಲೆ ತಿಳಿಯಿತು. ಮಹಾರಾಷ್ಟ್ರ ಸರಕಾರ ಅವರಿಗೆ ಮರಣೋತ್ತರವಾಗಿ ಶಿವಛತ್ರಪತಿ ಪ್ರಶಸ್ತಿ ಕೊಟ್ಟಿತು. ಭಾರತ ಸರಕಾರ 2000ನೆಯ ಸಾಲಿನ ಅರ್ಜುನ ಪ್ರಶಸ್ತಿಯನ್ನು ಅವರಿಗೆ ಮರಣೋತ್ತರವಾಗಿ ನೀಡಿತು. 2010ರಲ್ಲಿ ದಿಲ್ಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು ನಡೆದಾಗ ಅಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರನ್ನು ಇಡಲಾಯಿತು. ಈಗ ಮಹಾರಾಷ್ಟ್ರದಲ್ಲಿ ಅವರ ಹುಟ್ಟಿದ ದಿನವಾದ ಜನವರಿ 15ನ್ನು ರಾಜ್ಯ ಕ್ರೀಡಾ ದಿನವೆಂದು ಆಚರಿಸುತ್ತಾರೆ.

ಖಾಶಾಬಾ ಅವರ ನಂತರ ಭಾರತಕ್ಕೆ ಇನ್ನೊಂದು ವೈಯಕ್ತಿಕ ಒಲಿಂಪಿಕ್ ಪದಕ ಬರಲು 44 ವರ್ಷ ಬೇಕಾಯಿತು. 1996ರಲ್ಲಿ ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಕಂಚಿನ ಪದಕ ಗೆದ್ದರು. ಕುಸ್ತಿಯಲ್ಲಿ ಮತ್ತೆ ಪದಕ ಬಂದದ್ದು 2008ರಲ್ಲಿ. ಅಂದರೆ 56 ವರ್ಷಗಳ ಮೇಲೆ. ಇದರಿಂದ ಖಾಶಾಬಾ ಮಾಡಿದ ಸಾಧನೆ ಎಷ್ಟು ಕಠಿಣವಾದದ್ದು ಎಂಬುದು ತಿಳಿಯುತ್ತದೆ.

ಅವರು ತೋರಿಸಿದ ದಾರಿಯಲ್ಲಿ ನಮ್ಮ ಭಾಗದ ಅನೇಕರು ಮುನ್ನಡೆದರು. ಸಮಡೋಳಿಗೆ ಸಮೀಪದ ಕವಠೆಪಿರಾಣ ಗ್ರಾಮದ ಹಿಂದಕೇಸರಿ ಮಾರುತಿ ಮಾನೆ ಅವರು 1962ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಕುಸ್ತಿಯ ಚಿನ್ನದ ಪದಕ ಗೆದ್ದರು. ಇಂದು ತಾಲೀಮುಗಳಲ್ಲಿ ಮಣ್ಣಿನ ಕಣದ ಜೊತೆಗೆ ಮ್ಯಾಟುಗಳೂ ಬಂದಿವೆ. ಹುಡುಗರಂತೆ ಹುಡುಗಿಯರೂ ಕುಸ್ತಿ ಕಲಿಯುತ್ತಿದ್ದಾರೆ.

ಮಕ್ಕಳೇ, ಖಾಶಾಬಾ ಅವರ ಮೈ ಸಣ್ಣದು, ಮನೆ ಚಿಕ್ಕದು, ಊರೂ ಚಿಕ್ಕದು. ಆದರೆ ಅವರ ಛಲ ದೊಡ್ಡದು. ಆರನೆಯ ಸ್ಥಾನ ಬಂದಾಗ ಅವರು ತೃಪ್ತರಾಗಿ ಕೂಡಲಿಲ್ಲ. ಅನ್ಯಾಯವಾಯಿತೆಂದು ಅನಿಸಿದಾಗ ಅಳುತ್ತ ಕೂಡಲಿಲ್ಲ. ಪದಕ ಬಂದಾಗ ಸಾಲವನ್ನು ಮರೆಯಲಿಲ್ಲ. ಊರ ಜಾತ್ರೆಯಲ್ಲಿ ಲಂಗೋಟಿ ಬಿಗಿದು ಕಣಕ್ಕೆ ಇಳಿಯುವ ಚಿಕ್ಕ ಪೈಲವಾನನನ್ನು ನೋಡಿದಾಗ ಅವನ ಬೆನ್ನು ತಟ್ಟಿರಿ. ಅವನು ಗೆದ್ದರೂ ಸರಿ, ಸೋತರೂ ಸರಿ. ನಾಳೆಯ ಖಾಶಾಬಾ ಅವನೇ ಆಗಿರಬಹುದು.

ಹೊಸ ಶಬ್ದಗಳು
ತಾಲೀಮು – ಗರಡಿಮನೆ
ಡಾವು – ಕುಸ್ತಿಯ ಪಟ್ಟು
ಪಟಕಾ – ತಲೆಗೆ ಸುತ್ತುವ ರುಮಾಲು
ಪಣ – ಗೆದ್ದವರಿಗೆ ಸೇರಬೇಕೆಂದು ಒಡ್ಡುವ ವಸ್ತು
ವಂತಿಗೆ – ಎಲ್ಲರಿಂದ ಕೂಡಿಸುವ ಹಣ
ಅಹವಾಲು – ದೂರು, ವಿನಂತಿ
ಅಡವು – ಸಾಲಕ್ಕಾಗಿ ಒತ್ತೆ ಇಡುವುದು
ಮರಣೋತ್ತರ – ಸತ್ತ ನಂತರ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಖಾಶಾಬಾ ಎಲ್ಲಿ, ಯಾವಾಗ ಹುಟ್ಟಿದರು?
2. ಖಾಶಾಬಾ ಅವರಿಗೆ ಪ್ರಿಯವಾದ ಡಾವು ಯಾವುದು?
3. ಲಂಡನ್ ಒಲಿಂಪಿಕ್‌ನಲ್ಲಿ ಅವರಿಗೆ ಎಷ್ಟನೆಯ ಸ್ಥಾನ ಸಿಕ್ಕಿತು?
4. ಪ್ರಾಚಾರ್ಯ ಖರ್ಡೀಕರ ಅವರು ಹಣವನ್ನು ಹೇಗೆ ಹೊಂದಿಸಿದರು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಮಣ್ಣಿನ ಕುಸ್ತಿಗೂ ಮ್ಯಾಟಿನ ಕುಸ್ತಿಗೂ ಇರುವ ವ್ಯತ್ಯಾಸವೇನು?
2. ಕಾಲೇಜಿನ ಕ್ರೀಡಾಕೂಟದಲ್ಲಿ ಖಾಶಾಬಾ ಅವರಿಗೆ ಅವಕಾಶ ಹೇಗೆ ಸಿಕ್ಕಿತು?
3. ಗುರುಗಳ ಋಣವನ್ನು ಖಾಶಾಬಾ ಹೇಗೆ ತೀರಿಸಿದರು?

ಇ) ಬಿಟ್ಟ ಸ್ಥಳ ತುಂಬಿರಿ.
1. ಕರಾಡದಲ್ಲಿ ಕೃಷ್ಣಾ ಮತ್ತು ______ ನದಿಗಳ ಸಂಗಮವಿದೆ.
2. ಖಾಶಾಬಾ ಅವರನ್ನು ಸ್ವಾಗತಿಸಲು ______ ಎತ್ತಿನ ಬಂಡಿಗಳು ಬಂದಿದ್ದವು.
3. 1952ರ ಒಲಿಂಪಿಕ್ ಕ್ರೀಡೆಗಳು ______ ನಗರದಲ್ಲಿ ನಡೆದವು.

ಈ) ಈ ಮಾತುಗಳನ್ನು ಸ್ವಂತ ವಾಕ್ಯದಲ್ಲಿ ಉಪಯೋಗಿಸಿರಿ.
ತಲೆ ತಗ್ಗಿಸು, ಬೆನ್ನು ತಟ್ಟು, ಕೈಚಾಚು, ಮಣ್ಣು ಮುಕ್ಕಿಸು

ಉಪಕ್ರಮ: ನಿಮ್ಮ ಊರಿನ ತಾಲೀಮಿಗೆ ಹೋಗಿ ಅಲ್ಲಿಯ ಹಿರಿಯ ಪೈಲವಾನರನ್ನು ಭೇಟಿಯಾಗಿರಿ. ಅವರು ಹೇಳುವ ಐದು ಡಾವುಗಳ ಹೆಸರನ್ನು ಬರೆದುಕೊಂಡು ವರ್ಗದಲ್ಲಿ ಹೇಳಿರಿ.